ಬುಡಕ್ಕೆ ಮೂರಿದ್ದ ಜಿಗಿಹುಳು ನಾಲ್ಕು ವಾರದಲ್ಲಿ ಎಪ್ಪತ್ತಾದದ್ದು ಹೇಗೆ?

ಪ್ರಶ್ನೆ: ಸರ್ರೀ, ಕಾರಟಗಿ ಹತ್ರ ಎಡದಂಡೆ ಕಾಲುವೆ ಕೆಳಗ 6 ಎಕರೆ ನೆಲ್ಲು ಹಚ್ಚೀನಿ, ಬಿಪಿಟಿ ಸೋನಾ ತಳಿ. ಆಗಸ್ಟ್ ಮೊದಲ ವಾರ ನಾಟಿ. 35 ದಿನಕ್ಕ ಎಲೆ ಸುರುಳಿ ಹುಳ ಕಂಡಿತು ಅಂತ ಸೈಪರ್‌ಮೆಥ್ರಿನ್ ಹೊಡಿಸಿದೆ. ಅವಾಗ ಬದುವಿನ ಮಗ್ಗಲ ನಾಕು ಬುಡ ಬಡಿದು ನೋಡಿದ್ದೆ, ಬುಡಕ್ಕ ಮೂರು ಕಂದು ಜಿಗಿಹುಳ ಇದ್ದವು. 50 ದಿನಕ್ಕ ಅಂಗಡಿಯವರು ಇಮಿಡಾಕ್ಲೋಪ್ರಿಡ್ ಜೋಡಿ ಇನ್ನೊಂದು ಎಣ್ಣಿ (ಕೀಟನಾಶಕ) ಕೂಡಿಸಿ ಕೊಟ್ಟರು. ಮರುದಿನ ನೀರಿನ ಮ್ಯಾಲ ಸತ್ತ ಹುಳ ತೇಲ್ತಿದ್ದವು. ಈಗ 62 ದಿನ ಆಗೇತಿ, ನಡು ಮಡಿಯೊಳಗ ಬುಡಕ್ಕ 70ಕ್ಕ ಕಡಿಮಿ ಇಲ್ಲ. ಹೊಟ್ಟಿ ದಪ್ಪ, ರೆಕ್ಕಿ ಗಿಡ್ಡ ಇರೋವೇ ಹೆಚ್ಚು. ಒಂದು ಕಡೆ ರಾಶಿ ಮಾಡೋ ಕಣದಷ್ಟು ಜಾಗ ಸುಟ್ಟಂಗ ಆಗೇತಿ. ಎಕರೆಗೆ 4 ಚೀಲ ಯೂರಿಯಾ ಈಗಾಗಲೇ ಹಾಕೀನಿ. ಮಗ್ಗಲ ಹೊಲದವರು ಅದೇ ವಾರ ನಾಟಿ ಮಾಡಿದವರು, ಒಂದೂ ಎಣ್ಣಿ ಹೊಡೆದಿಲ್ಲ, ಅವರಲ್ಲಿ ಬುಡಕ್ಕ 8 ಅದಾವು. ಅವರ ಹೊಲದಿಂದ ಹಾರಿ ಬಂದವೇನು? ನಾನು ತಂದ ಎಣ್ಣಿ ನಕಲಿನಾ? ಈಗ ಮೂರು ಎಣ್ಣಿ ಕೂಡಿಸಿ ಎರಡು ಪಟ್ಟು ಹೊಡಿರಿ ಅಂತಾರ. ಏನು ಮಾಡ್ಲಿ? ಹುಳ ಎಣಿಸೋದಕ್ಕ ಸರಿಯಾದ ಪದ್ಧತಿ ಐತೇನು?

ಉತ್ತರ: ಹುಳು ರಸ ಹೀರಿ ಬೆಳೆ ಕಣ್ಣೆದುರು ಸುಡುತ್ತಿರುವಾಗ ಕಾರಣ ಕೇಳುವ ತಾಳ್ಮೆ ಇರುವುದಿಲ್ಲ. ಹಾಗಾಗಿ ಇವತ್ತಿನ ಕೆಲಸವನ್ನು ಮೊದಲೇ ಹೇಳುತ್ತೇನೆ. ಮೂರು ಎಣ್ಣೆ ಕೂಡಿಸಿ ಹೊಡೆಯಬೇಡಿ. ಇನ್ನೊಂದು ಕಾಳು ಯೂರಿಯಾ ಹಾಕಬೇಡಿ. ಬದು ಕಡಿದು ಗದ್ದೆಯ ನೀರನ್ನು ಹೊರಗೆ ಬಿಡಿ. ನೀರು ಇಳಿಯುವಷ್ಟರಲ್ಲಿ ಆರೂ ಎಕರೆಯನ್ನು ಕೆಳಗೆ ಹೇಳುವಂತೆ ಎಣಿಸಿ. ಯಾವ ಔಷಧಿ, ಎಲ್ಲಿ, ಎಷ್ಟು ಎಂಬುದು ಆ ಎಣಿಕೆಯಿಂದಲೇ ತೀರ್ಮಾನವಾಗಬೇಕು.

ಇನ್ನು ಹಾರಿ ಬಂದವೇ ಎಂಬ ಪ್ರಶ್ನೆ. ಉತ್ತರವನ್ನು ನೀವೇ ಬರೆದಿದ್ದೀರಿ: ಹೊಟ್ಟೆ ದಪ್ಪ, ರೆಕ್ಕೆ ಗಿಡ್ಡ. ಕಂದು ಜಿಗಿಹುಳುವಿನ ಪ್ರೌಢ ಹುಳುಗಳಲ್ಲಿ ಎರಡು ಬಗೆ. ಉದ್ದ ರೆಕ್ಕೆಯವು ಹಾರುತ್ತವೆ, ಗಾಳಿ ಸಿಕ್ಕರೆ ನೂರಾರು ಕಿಲೋಮೀಟರ್ ದೂರವನ್ನೂ ಮುಟ್ಟುತ್ತವೆ. ಗಿಡ್ಡ ರೆಕ್ಕೆಯವು ಹಾರಲಾರವು, ಬುಡದಿಂದ ಬುಡಕ್ಕೆ ಜಿಗಿಯುತ್ತವೆ, ಅಷ್ಟೇ. ರಸ ಚೆನ್ನಾಗಿ ಸಿಗುವ, ಹುಳು ಇನ್ನೂ ವಿರಳವಾಗಿರುವ ಗದ್ದೆಯಲ್ಲಿ ಹುಟ್ಟುವ ಮರಿಗಳು ಹೆಚ್ಚಾಗಿ ಗಿಡ್ಡ ರೆಕ್ಕೆಯವಾಗಿ ಬೆಳೆಯುತ್ತವೆ. ರೆಕ್ಕೆಗೆ ಹೋಗಬೇಕಾದ ಶಕ್ತಿ ಮೊಟ್ಟೆಗೆ ಹೋಗುತ್ತದೆ. ಉದ್ದ ರೆಕ್ಕೆಯ ಹೆಣ್ಣಿಗಿಂತ ಅವು ಬೇಗ ಮೊಟ್ಟೆಗಿಳಿಯುತ್ತವೆ, ಹೆಚ್ಚು ಇಡುತ್ತವೆ. ಗುಂಪು ಕಿಕ್ಕಿರಿದಾಗ, ಪೈರು ಬಲಿತು ರಸ ಕಡಿಮೆಯಾದಾಗ ಮತ್ತೆ ಉದ್ದ ರೆಕ್ಕೆಯವು ಹೆಚ್ಚುತ್ತವೆ, ಗದ್ದೆ ಬಿಟ್ಟು ಹೊರಡುತ್ತವೆ. ಅಂದರೆ ನಾಟಿಯಾದ ಹೊಸದರಲ್ಲಿ ಬೀಜದಂತೆ ಕೆಲವೇ ಹುಳುಗಳು ಹೊರಗಿನಿಂದ ಬಂದಿರಬಹುದು, ಆದರೆ ಇವತ್ತಿನ 70 ನಿಮ್ಮ ಮಡಿಯಲ್ಲೇ ಹುಟ್ಟಿ ಬೆಳೆದವು. ಬುಡಕ್ಕೆ 8 ಇರುವ ಗದ್ದೆ 70 ಇರುವ ಗದ್ದೆಗೆ ಹುಳು ಕಳಿಸಿತು ಅನ್ನುವುದು ಲೆಕ್ಕಕ್ಕೂ ಹೊಂದುವುದಿಲ್ಲ. ಮಗ್ಗುಲವರ ಮೇಲೆ ಸಿಟ್ಟು ಬೇಡ. ಅವರ ಗದ್ದೆ ನಿಮಗೆ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ, ಅದಕ್ಕೆ ಮುಂದೆ ಬರುತ್ತೇನೆ.

ನಾಲ್ಕು ವಾರದಲ್ಲಿ 3 ಇದ್ದದ್ದು 70 ಆಗಲು ಸಾಧ್ಯವೇ ಎಂದರೆ, ಖಂಡಿತ ಸಾಧ್ಯ. ನಮ್ಮ ಸೆಪ್ಟೆಂಬರ್ ಬಿಸಿಲು-ಮೋಡದ ಹವೆಯಲ್ಲಿ ಮೊಟ್ಟೆ ಒಡೆಯಲು ಸುಮಾರು 7ರಿಂದ 9 ದಿನ, ಮರಿ ಐದು ಹಂತ ದಾಟಿ ಪ್ರೌಢವಾಗಲು ಇನ್ನೆರಡು ವಾರ, ಮೊಟ್ಟೆ ಇಡಲು ಶುರು ಮಾಡಲು ಮೂರ್ನಾಲ್ಕು ದಿನ. ಒಟ್ಟು ಒಂದು ತಲೆಮಾರು ಹತ್ತಿರ ಹತ್ತಿರ ನಾಲ್ಕು ವಾರ. ಒಂದು ಹೆಣ್ಣು ಕಾಂಡವನ್ನು ಸುತ್ತಿದ ಎಲೆಯ ಕವಚವನ್ನು ಸೀಳಿ ಒಳಗೆ ಸಾಲಾಗಿ ಒಟ್ಟು 200ರ ಆಸುಪಾಸು ಮೊಟ್ಟೆ ಇಡುತ್ತದೆ.

ಲೆಕ್ಕಕ್ಕೆ 200 ಎಂದೇ ಇಟ್ಟುಕೊಳ್ಳೋಣ. ಅವುಗಳಲ್ಲಿ ನೂರಕ್ಕೆ 5 ಮಾತ್ರ ಪ್ರೌಢವಾದವು ಅನ್ನೋಣ. 10 ಹುಳು ಉಳಿದವು, ಅರ್ಧ ಹೆಣ್ಣು. ಒಂದು ಹೆಣ್ಣಿನ ಜಾಗದಲ್ಲಿ 5 ಹೆಣ್ಣಾಯಿತು. ನಾಲ್ಕು ವಾರಕ್ಕೆ ಐದು ಪಟ್ಟು, ಅಂದರೆ 12 ದಿನಕ್ಕೊಮ್ಮೆ ಇಮ್ಮಡಿ. ಈಗ ಉಳಿಯುವ ಪ್ರಮಾಣ ನೂರಕ್ಕೆ 20 ಆಯಿತು ಅನ್ನೋಣ. 40 ಹುಳು, 20 ಹೆಣ್ಣು. ನಾಲ್ಕು ವಾರಕ್ಕೆ ಇಪ್ಪತ್ತು ಪಟ್ಟು, ಆರೂವರೆ ದಿನಕ್ಕೇ ಇಮ್ಮಡಿ. ನಾಟಿಯಿಂದ ಕೊಯ್ಲಿಗೆ ಈ ಹುಳುವಿಗೆ ಮೂರು ತಲೆಮಾರು ಸಿಗುತ್ತವೆ. ಐದನ್ನು ಮೂರು ಸಲ ಗುಣಿಸಿದರೆ 125. ಇಪ್ಪತ್ತನ್ನು ಮೂರು ಸಲ ಗುಣಿಸಿದರೆ 8000. ಎರಡೂ ಕಡೆ ಹೆಣ್ಣು ಇಟ್ಟ ಮೊಟ್ಟೆ ಅಷ್ಟೇ, ಹವೆ ಅದೇ, ತಳಿ ಅದೇ. ಬದಲಾದದ್ದು ಮೊಟ್ಟೆ-ಮರಿಗಳಲ್ಲಿ ಎಷ್ಟು ಬದುಕಿದವು ಎಂಬುದೊಂದೇ.

ಇವು ವಿವರಿಸಲು ತೆಗೆದುಕೊಂಡ ಸಂಖ್ಯೆಗಳು. ಆದರೆ ನಿಮ್ಮ ಗದ್ದೆಯನ್ನು ಪಕ್ಕದಲ್ಲಿಟ್ಟು ನೋಡಿ: 27 ದಿನದಲ್ಲಿ 3ರಿಂದ 70, ಇಪ್ಪತ್ತಮೂರು ಪಟ್ಟು. ನೂರಕ್ಕೆ 95 ಸಾಯುತ್ತಿದ್ದ ಕಡೆ ಬರೀ 80 ಸತ್ತರೆ ಸಾಕು, ಸುಡುವ ಗದ್ದೆ ತಯಾರು. ಆ 95ನ್ನು ಕೊಲ್ಲುತ್ತಿದ್ದವರು ಯಾರು?

ಮಗ್ಗುಲವರ ಗದ್ದೆಗೆ ಹೋಗಿ, ಬುಡ ಬಾಗಿಸಿ ನೋಡಿ. ನೀರಿಗೆ ಸಮೀಪ, ಬೆನ್ನ ಮೇಲೆ ಕವಲೊಡೆದ ಗೆರೆಯಿರುವ ಬೂದುಗಂದು ಜೇಡ ಓಡಾಡುತ್ತಿರುತ್ತದೆ. ಅದು ತೋಳ ಜೇಡ, ಬಲೆ ಕಟ್ಟುವುದಿಲ್ಲ, ಅಟ್ಟಿಸಿಕೊಂಡು ಹಿಡಿಯುತ್ತದೆ. ದಿನಕ್ಕೆ 5ರಿಂದ 15 ಹುಳು ತಿನ್ನುತ್ತದೆ. ಜೊತೆಗೆ ಎಳ್ಳುಕಾಳಿಗಿಂತ ತುಸು ಉದ್ದನೆಯ, ಹಸಿರು ಮೈ ಕಪ್ಪು ತಲೆಯ, ಬಡಿದ ಕೂಡಲೇ ಹಾರಿಹೋಗುವ ಒಂದು ತಿಗಣೆ ಇರುತ್ತದೆ. ಇದು ಮಿರಿಡ್ ತಿಗಣೆ. ಕವಚದೊಳಗಿನ ಜಿಗಿಹುಳು ಮೊಟ್ಟೆಗೆ ಸೂಜಿಯಂಥ ಬಾಯಿ ಚುಚ್ಚಿ ಹೀರುತ್ತದೆ, ದಿನಕ್ಕೆ 7ರಿಂದ 10 ಮೊಟ್ಟೆ. ಇದನ್ನು ಹಸಿರು ಜಿಗಿಹುಳು ಎಂದು ತಪ್ಪು ತಿಳಿದು ಎಣ್ಣೆ ಹೊಡೆಯುವವರು ಬಹಳ ಮಂದಿ. ಹಸಿರು ಜಿಗಿಹುಳು ಬೆಣೆಯಾಕಾರದ ಗಟ್ಟಿ ಮೈಯದು, ಓರೆಯಾಗಿ ಸರಿಯುತ್ತದೆ. ಮಿರಿಡ್ ಮೆತ್ತಗೆ, ಉದ್ದ ಮೀಸೆಯದು. ನೀರಿನ ಮೇಲೆ ಓಡಾಡುವ ಸಣ್ಣ ನೀರುತಿಗಣೆಗಳು, ಬಿದ್ದ ಮರಿಗಳನ್ನು ಗುಂಪಾಗಿ ಮುತ್ತಿ ತಿನ್ನುತ್ತವೆ. ಮೊಟ್ಟೆಯೊಳಗೇ ಮೊಟ್ಟೆ ಇಡುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳೂ ಇವೆ.

35ನೇ ದಿನದ ಸೈಪರ್‌ಮೆಥ್ರಿನ್ ಈ ಎಲ್ಲವನ್ನೂ ಹೊಡೆಯಿತು. ಜಿಗಿಹುಳುಗಳಲ್ಲಿ ಪ್ರೌಢವು ಒಂದಷ್ಟು ಸತ್ತಿರಬಹುದು, ಆದರೆ ಮೊಟ್ಟೆಗಳು ಕವಚದೊಳಗೆ ಭದ್ರವಾಗಿದ್ದವು. ವಾರದೊಳಗೆ ಅವು ಒಡೆದಾಗ ತಿನ್ನುವವರೇ ಇರಲಿಲ್ಲ. ಜೇಡದ ಸಂತತಿ ಮತ್ತೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಬೇಟೆಯಾಡುವ ಜೀವಿ ಯಾವಾಗಲೂ ತನ್ನ ಬೇಟೆಗಿಂತ ತಡವಾಗಿ ಏರುತ್ತದೆ, ಮೊದಲು ಆಹಾರ ಹೆಚ್ಚಬೇಕು, ಆಮೇಲೆ ತಾನು. ಆ ಅಂತರದಲ್ಲೇ ಗದ್ದೆ ಸುಡುತ್ತದೆ. ಸಾಲದ್ದಕ್ಕೆ ಸೈಪರ್‌ಮೆಥ್ರಿನ್ ಸೇರಿದ ಪೈರೆಥ್ರಾಯ್ಡ್ ಗುಂಪಿನ ಕೆಲವು ಔಷಧಿ ಕಡಿಮೆ ಪ್ರಮಾಣದಲ್ಲಿ ತಾಗಿದಾಗ ಜಿಗಿಹುಳುವಿನ ಹೆಣ್ಣು ಇನ್ನೂ ಹೆಚ್ಚು ಮೊಟ್ಟೆ ಇಡುವುದನ್ನೂ ಕೀಟಶಾಸ್ತ್ರಜ್ಞರು ಕಂಡಿದ್ದಾರೆ. ಎಣ್ಣೆ ಹೊಡೆದ ಮೇಲೆ ಹುಳು ಮೊದಲಿಗಿಂತ ಹೆಚ್ಚಾಗುವ ಈ ಮರುಕಳಿಕೆ ಭತ್ತ ಬೆಳೆಯುವ ಏಷ್ಯಾಕ್ಕೆಲ್ಲ ಗೊತ್ತಿರುವ ಪೆಟ್ಟು. ಇಂಡೊನೇಷ್ಯಾದಲ್ಲಿ ಇದು ಎಷ್ಟು ಬೆಳೆಯಿತೆಂದರೆ, 1986ರಲ್ಲಿ ಅಧ್ಯಕ್ಷ ಸುಹಾರ್ತೊ ಅವರ ಆಜ್ಞೆಯಂತೆ ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಲಾಯಿತು. ಅದರಿಂದ ಅಲ್ಲಿನ ಭತ್ತದ ಇಳುವರಿ ಕುಸಿಯಲಿಲ್ಲ.

ಹಾಗಾದರೆ ಎಲೆ ಸುರುಳಿ ಹುಳಕ್ಕೆ ಏನೂ ಮಾಡಬಾರದಿತ್ತೇ? 35 ದಿನದ ಪೈರು ತೆಂಡೆ ಒಡೆಯುತ್ತಿರುತ್ತದೆ, ಹೊಸ ಎಲೆ ಬರುತ್ತಲೇ ಇರುತ್ತದೆ. ಆ ವಯಸ್ಸಿನಲ್ಲಿ ಬಿಳಿಯಾದ ಕೆಲವು ಎಲೆಗಳ ನಷ್ಟವನ್ನು ಬೆಳೆ ತಾನೇ ತುಂಬಿಕೊಳ್ಳುತ್ತದೆ. ಕಣ್ಣಿಗೆ ದೊಡ್ಡದಾಗಿ ಕಾಣುವ ಹಾನಿ ಕಾಳಿನ ತೂಕಕ್ಕೆ ಅಷ್ಟೇನೂ ತಾಗುವುದಿಲ್ಲ. ನಾಟಿಯ ನಂತರದ ಮೊದಲ 40 ದಿನ ಪೈರೆಥ್ರಾಯ್ಡ್ ಮುಟ್ಟಬಾರದು ಎನ್ನುವುದು ಇದೇ ಕಾರಣಕ್ಕೆ.

ಔಷಧಿ ನಕಲಿಯೇ ಎಂದು ಕೇಳಿದ್ದೀರಿ. ಮಾರುಕಟ್ಟೆಯಲ್ಲಿ ನಕಲಿ ಇಲ್ಲವೆಂದಲ್ಲ, ಆದರೆ ನಿಮ್ಮ 50ನೇ ದಿನದ ಅನುಭವಕ್ಕೆ ನಕಲಿಯ ಅಗತ್ಯವಿಲ್ಲ. ಒಪ್ಪ ನಾಟಿಯಾದ ಗದ್ದೆಯಲ್ಲಿ ಚದರ ಮೀಟರಿಗೆ 25 ಬುಡ ಎಂದರೂ ಎಕರೆಗೆ ಒಂದು ಲಕ್ಷ ಬುಡ. ಬುಡಕ್ಕೆ 70 ಇದ್ದರೆ 70 ಲಕ್ಷ ಹುಳು. ಎಣ್ಣೆ ಬಹಳ ಒಳ್ಳೆಯದು, ನೂರಕ್ಕೆ 95 ಕೊಂದಿತು ಅನ್ನಿ. ನೀರಿನ ಮೇಲೆ ಸತ್ತ ಹುಳುವಿನ ಹಾಸೇ ತೇಲುತ್ತದೆ. ಉಳಿದದ್ದು ಬುಡಕ್ಕೆ ಮೂರೂವರೆ. 35ನೇ ದಿನ ನೀವು ಎಣಿಸಿದ್ದು ಎಷ್ಟು? ಮೂರು! ಏರುವ ವೇಗ ಬದಲಾಗದಿದ್ದರೆ ನಾಲ್ಕು ವಾರದಲ್ಲಿ ಮತ್ತೆ ಇದೇ ಜಾಗಕ್ಕೆ ಬರುತ್ತೀರಿ, ಆ ಹೊತ್ತಿಗೆ ತೆನೆಯಲ್ಲಿ ಹಾಲು ತುಂಬುತ್ತಿರುತ್ತದೆ. ಜೊತೆಗೆ ಕವಚದೊಳಗಿನ ಮೊಟ್ಟೆಗಳನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ.

ಇಮಿಡಾಕ್ಲೋಪ್ರಿಡ್ ವಿಷಯದಲ್ಲಿ ಇನ್ನೊಂದು ತೊಡಕು. 2003ರಿಂದೀಚೆಗೆ ಏಷ್ಯಾದ ಹಲವು ದೇಶಗಳಲ್ಲಿ ಕಂದು ಜಿಗಿಹುಳು ಇದಕ್ಕೆ ನಿರೋಧಕತೆ ಬೆಳೆಸಿಕೊಂಡಿದೆ, ನಮ್ಮ ದೇಶವೂ ಸೇರಿ. ಹುಳು ಔಷಧಿಗೆ ‘ಒಗ್ಗಿಕೊಳ್ಳುತ್ತದೆ’ ಎಂದು ಮಾತಿನಲ್ಲಿ ಹೇಳುತ್ತೇವೆ, ನಡೆಯುವುದು ಬೇರೆ. ಲಕ್ಷಾಂತರ ಹುಳುಗಳಲ್ಲಿ ಆ ವಿಷವನ್ನು ಮೈಯೊಳಗೇ ಮುರಿಯಬಲ್ಲವು ಹುಟ್ಟಿನಿಂದಲೇ ಕೆಲವಿರುತ್ತವೆ. ಹೊಡೆದಾಗ ಉಳಿದವು ಸತ್ತು, ಇವು ಬದುಕಿ, ಮುಂದಿನ ತಲೆಮಾರಿಗೆ ಇವೇ ತಾಯಿ-ತಂದೆ ಆಗುತ್ತವೆ. ಒಂದೇ ಔಷಧಿಯನ್ನು ಊರೆಲ್ಲ ವರ್ಷಕ್ಕೆ ನಾಲ್ಕು ಸಲ ಹೊಡೆದರೆ ನಾವೇ ಆರಿಸಿ ಆರಿಸಿ ತಳಿ ಮಾಡಿದಂತೆ. ಅಂಥ ಹುಳುಗಳು ಹತ್ತಾರು ಪಟ್ಟು ಪ್ರಮಾಣವನ್ನೂ ತಡೆಯುತ್ತವೆ, ಹಾಗಾಗಿ ಎರಡು ಪಟ್ಟು ಹೊಡೆದರೆ ಖರ್ಚು ಎರಡು ಪಟ್ಟಾಗುತ್ತದೆ ಅಷ್ಟೇ.

ಯೂರಿಯಾದ ಪಾಲೂ ಸಣ್ಣದಲ್ಲ. 45 ಕಿಲೋದ 4 ಚೀಲ ಎಂದರೆ 180 ಕಿಲೋ, ಅದರಲ್ಲಿ ಸಾರಜನಕ 83 ಕಿಲೋ, ಡಿಎಪಿ ಗೊಬ್ಬರದಲ್ಲಿ ಬಂದದ್ದು ಬೇರೆ. ತುಂಗಭದ್ರಾ ಅಚ್ಚುಕಟ್ಟಿಗೆ ಹೇಳುವುದು ಎಕರೆಗೆ ಎಲ್ಲ ಸೇರಿ ಸುಮಾರು 60 ಕಿಲೋ. ಹೆಚ್ಚಾದ ಸಾರಜನಕ ಪೈರಿನ ರಸದಲ್ಲಿ ಹುಳುವಿಗೆ ಬೇಕಾದ ಪೌಷ್ಟಿಕವನ್ನು ಹೆಚ್ಚಿಸುತ್ತದೆ. ಮರಿ ಬೇಗ ಬೆಳೆಯುತ್ತದೆ, ಹೆಣ್ಣು ಹೆಚ್ಚು ಮೊಟ್ಟೆ ಇಡುತ್ತದೆ, ಗಿಡ ದಟ್ಟವಾಗಿ ಬುಡದಲ್ಲಿ ನೆರಳು-ತೇವ ನಿಲ್ಲುತ್ತದೆ.

ಎಣಿಸುವ ಪದ್ಧತಿ

ಇದನ್ನು ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ 35ನೇ ದಿನದ ತಪ್ಪು ಶುರುವಾದದ್ದೂ ಇಲ್ಲೇ. ಬದುವಿನ ಮಗ್ಗುಲಿಗೆ ಗಾಳಿ-ಬೆಳಕು ಜಾಸ್ತಿ, ಹುಳು ಕಡಿಮೆ. ಕಂದು ಜಿಗಿಹುಳು ಗದ್ದೆಯಲ್ಲಿ ಸಮನಾಗಿ ಹರಡಿರುವುದಿಲ್ಲ, ಗುಂಪುಗುಂಪಾಗಿರುತ್ತದೆ. ತಾಯಿ ಮೊಟ್ಟೆ ಇಟ್ಟ ಬುಡದ ಸುತ್ತಲೇ ಮರಿಗಳು ಸೇರಿರುತ್ತವೆ. ಉದಾಹರಣೆಗೆ 20 ಬುಡ ನೋಡಿದಿರಿ ಅನ್ನಿ. 17 ಬುಡಗಳಲ್ಲಿ ಸೊನ್ನೆಯಿಂದ ಆರರವರೆಗೆ, ಒಟ್ಟು 42 ಹುಳು. ಉಳಿದ ಮೂರರಲ್ಲಿ 37, 48, 61. ಒಟ್ಟು 188, ಸರಾಸರಿ 9.4. ಬರೀ ನಾಲ್ಕು ಬುಡ ನೋಡಿದ್ದರೆ ನಿಮ್ಮ ಅದೃಷ್ಟದಂತೆ ಸರಾಸರಿ 1 ಬರಬಹುದಿತ್ತು, 36 ದಾಟಲೂಬಹುದಿತ್ತು. ಅದೇ ಗದ್ದೆ, ಅದೇ ದಿನ.

ಹಾಗಾಗಿ ಎಕರೆಗೆ ಕಡಿಮೆಯೆಂದರೆ 20 ಬುಡ. ಅವೂ ಒಂದೇ ಕಡೆ ಅಲ್ಲ, ಹತ್ತು ಕಡೆ ಎರಡೆರಡು. ಗುಂಪಾಗಿರುವ ಜೀವಿಯನ್ನು ಅಳೆಯುವಾಗ ಒಂದು ಜಾಗದಲ್ಲಿ ಬಹಳ ಬುಡ ನೋಡುವುದಕ್ಕಿಂತ ಬಹಳ ಜಾಗಗಳಲ್ಲಿ ಸ್ವಲ್ಪ ನೋಡಿದರೆ ಸತ್ಯಕ್ಕೆ ಹತ್ತಿರ ಹೋಗುತ್ತೀರಿ. ಬದುವಿನಿಂದ ಎರಡು ಮೀಟರ್ ಒಳಗೆ ಇಳಿದು, ಗದ್ದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಹಾವು ಹರಿದಂತೆ ನಡೆಯಿರಿ. ಹೆಜ್ಜೆ ಎಣಿಸಿ ನಿಲ್ಲಿ, ಪ್ರತಿ 15 ಹೆಜ್ಜೆಗೆ ಒಮ್ಮೆ. ಕಣ್ಣಿಗೆ ಬಿದ್ದ ಹಳದಿ ಬುಡವನ್ನು ಆರಿಸಬೇಡಿ, ಬಲಗಾಲಿನ ಮುಂದಿರುವ ಬುಡವೇ ನಿಮ್ಮ ಬುಡ. ಬೆಳಗ್ಗೆ 7ರಿಂದ 9ರೊಳಗೆ, ಗಾಳಿ ಇಲ್ಲದಾಗ ನೋಡುವುದು ಒಳ್ಳೆಯದು.

ಬುಡವನ್ನು ಒಂದು ಕೈಯಿಂದ ಮೆಲ್ಲಗೆ ಬಾಗಿಸಿ, ಇನ್ನೊಂದು ಕೈಯಿಂದ ಎರಡು ಮೂರು ಸಲ ತಟ್ಟಿ. ನೀರು ನಿಂತಿದ್ದರೆ ಹುಳು ನೀರ ಮೇಲೆ ಬೀಳುತ್ತವೆ, ನೀರು ಬಿಟ್ಟಿದ್ದರೆ ಒಳಗೆ ಸ್ವಲ್ಪ ಅಡುಗೆ ಎಣ್ಣೆ ಸವರಿದ ಬಿಳಿ ತಟ್ಟೆ ಹಿಡಿಯಿರಿ, ಜಿಗಿದು ತಪ್ಪಿಸಿಕೊಳ್ಳುವುದಿಲ್ಲ. ನೀರ ಮೇಲೆ ತೇಲುವ ಬಿಳಿ ಪೊರೆಗಳನ್ನು ಹುಳುವೆಂದು ಎಣಿಸಬೇಡಿ, ಅವು ಮರಿ ಕಳಚಿದ ಹಳೆಯ ಚರ್ಮ. ಬೆನ್ನ ಮೇಲೆ ಬಿಳಿ ಪಟ್ಟಿ ಇರುವುದು ಬಿಳಿ ಬೆನ್ನಿನ ಜಿಗಿಹುಳು, ಅದನ್ನೂ ಸೇರಿಸಿ, ಆದರೆ ಬೇರೆ ಬರೆಯಿರಿ.

ನೋಟ್‌ಬುಕ್ಕಿನಲ್ಲಿ ಒಂದು ಬುಡಕ್ಕೆ ಐದು ಅಂಕಿ ಇರಲಿ: ಸಣ್ಣ ಬಿಳಿಮರಿ, ದೊಡ್ಡ ಕಂದುಮರಿ, ಪ್ರೌಢ ಹುಳು, ಜೇಡ, ಮಿರಿಡ್. ಮಿರಿಡ್ ಬಡಿದೊಡನೆ ಹಾರುತ್ತದೆ, ಅದನ್ನು ತಟ್ಟುವ ಮೊದಲೇ ಎಣಿಸಿ. ಸಣ್ಣಮರಿಯೇ ಹೆಚ್ಚಿದ್ದರೆ ಮೊಟ್ಟೆ ಈಗಷ್ಟೇ ಒಡೆದಿದೆ ಎಂದರ್ಥ. ದಪ್ಪ ಹೊಟ್ಟೆಯ ಹೆಣ್ಣುಗಳೇ ಹೆಚ್ಚಿದ್ದರೆ ಇನ್ನೊಂದು ಅಲೆ ವಾರ-ಹತ್ತು ದಿನದಲ್ಲಿ ಬರಲಿದೆ, ಇವತ್ತಿನ ಸಂಖ್ಯೆ ಚಿಕ್ಕದಿದ್ದರೂ.

ವಾರಕ್ಕೊಮ್ಮೆ ಅದೇ ದಾರಿಯಲ್ಲಿ ಎಣಿಸಿ, ಈ ವಾರದ ಸರಾಸರಿಯನ್ನು ಹೋದ ವಾರದ್ದರಿಂದ ಭಾಗಿಸಿ. ಐದು ಪಟ್ಟಿನ ಏರಿಕೆ ವಾರಕ್ಕೆ ಒಂದೂವರೆ ಪಟ್ಟಾಗಿ ಕಾಣುತ್ತದೆ, ಇಪ್ಪತ್ತು ಪಟ್ಟಿನದು ವಾರಕ್ಕೆ ಎರಡು ಪಟ್ಟು ದಾಟುತ್ತದೆ. ಮೊಟ್ಟೆ ಒಡೆದ ವಾರ ಈ ಅಂಕಿ ಒಮ್ಮೆಲೆ ಜಿಗಿಯಬಹುದು, ಅದಕ್ಕೇ ಮರಿಗಳನ್ನು ಬೇರೆ ಬರೆಯಲು ಹೇಳಿದ್ದು. ಎರಡು ವಾರ ಸತತವಾಗಿ ಇಮ್ಮಡಿಯಾದರೆ ಸರಾಸರಿ 5 ಇದ್ದರೂ ಎಚ್ಚರವಾಗಬೇಕು. ಸಾಮಾನ್ಯವಾಗಿ ಔಷಧಿಗೆ ಹೇಳುವ ಮಟ್ಟ, ತೆಂಡೆ ಒಡೆಯುವ ಹಂತದಲ್ಲಿ ಬುಡಕ್ಕೆ 10, ಆಮೇಲೆ 20. ಬುಡಕ್ಕೊಂದು ಜೇಡ ಸಿಗುತ್ತಿದ್ದು ಏರಿಕೆ ನಿಧಾನವಾಗಿದ್ದರೆ ಆ ಮಟ್ಟ ಮುಟ್ಟಿದ ದಿನವೇ ಹೊಡೆಯಬೇಕಿಲ್ಲ, ಮೂರು ದಿನ ಬಿಟ್ಟು ಮತ್ತೊಮ್ಮೆ ಎಣಿಸಬಹುದು. ದೀಪದ ಬಲೆ ಇಟ್ಟವರು ಅದರಲ್ಲಿ ಬಿದ್ದ ಹುಳುವನ್ನು ಗದ್ದೆಯ ಲೆಕ್ಕವೆಂದು ತಿಳಿಯಬಾರದು. ದೀಪಕ್ಕೆ ಬರುವುದು ಉದ್ದ ರೆಕ್ಕೆಯದು ಮಾತ್ರ. ವಲಸೆ ಶುರುವಾಯಿತು, ಗದ್ದೆಗೆ ಇಳಿಯಿರಿ ಎಂದು ತಿಳಿಸುವಷ್ಟಕ್ಕೆ ಅದು ಒಳ್ಳೆಯದು.

ಈಗಿನ ದಾರಿಗಳು

ಆರೂ ಎಕರೆಯಲ್ಲಿ 70 ಇರುವುದಿಲ್ಲ. ಎಣಿಸಿದಾಗ ಎರಡು ಮೂರು ಮಡಿಗಳಲ್ಲಿ ಹೆಚ್ಚು, ಉಳಿದವುಗಳಲ್ಲಿ ಕಡಿಮೆ ಸಿಗುವುದೇ ಸಾಮಾನ್ಯ. 20 ದಾಟಿದ ಮಡಿಗೆ ಮಾತ್ರ ಔಷಧಿ. ಕಡಿಮೆ ಇರುವ ಮಡಿಯಲ್ಲಿ ಜೇಡಗಳು ಉಳಿದಿದ್ದರೆ ಅದನ್ನು ಬಿಡಿ. ಇದರಲ್ಲಿ ಅಪಾಯ ಇಲ್ಲವೆಂದಲ್ಲ: ಬಿಟ್ಟ ಮಡಿಯನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಎಣಿಸಲು ಆಗದಿದ್ದರೆ ಬಿಡುವುದೂ ಬೇಡ.

ನೀರು ತೆಗೆಯುವುದರಿಂದ ಬುಡ ಒಣಗಿ ಬಿಸಿಯಾಗುತ್ತದೆ, ಮರಿಗಳಿಗೆ ಹಿಂಸೆ, ಔಷಧಿಯೂ ಬುಡಕ್ಕೆ ತಲುಪುತ್ತದೆ. ಮೂರು ನಾಲ್ಕು ದಿನ ಸಾಕು. ನಿಮ್ಮದು ಎರೆ ಭೂಮಿ, ತೆನೆ ಒಳಗೇ ಕಟ್ಟುತ್ತಿರುವ ಸಮಯ. ಕೂದಲೆಳೆಯಷ್ಟು ಬಿರುಕು ಕಂಡ ಕೂಡಲೇ ನೀರು ಕೊಡಬೇಕು, ಇಲ್ಲದಿದ್ದರೆ ಕಾಳಿನ ಸಂಖ್ಯೆಯೇ ಕಡಿಮೆಯಾಗುತ್ತದೆ. ಕಾಲುವೆಯ ನೀರು ಸರದಿಯ ಮೇಲೆ ಬರುತ್ತಿದ್ದರೆ ಮುಂದಿನ ಸರದಿ ಯಾವ ದಿನ ಎಂದು ಕೇಳಿಕೊಂಡೇ ಬದು ಕಡಿಯಿರಿ. ಕೊನೆಭಾಗದವರು ನೀರು ಬಿಡಲು ಹೆದರುವುದು ನ್ಯಾಯವೇ. ಅಂಥವರು ಪೂರ್ತಿ ಬಸಿಯದೆ ಕೆಸರು ಹಸಿ ಇರುವಷ್ಟಕ್ಕೆ ಇಳಿಸಿದರೂ ನಡೆಯುತ್ತದೆ. ನೀರನ್ನು ಬಿಡುವುದು ಔಷಧಿಗೆ ಮೊದಲು. ಹೊಡೆದ ಮೇಲೆ ಬಿಟ್ಟರೆ ವಿಷ ಕೆಳಗಿನವರ ಗದ್ದೆಗೆ, ಹಳ್ಳದ ಮೀನಿಗೆ, ದನ ಕುಡಿಯುವ ನೀರಿಗೆ ಹೋಗುತ್ತದೆ.

ಔಷಧಿಗಳಲ್ಲಿ, ನಿಮ್ಮ ಮಟ್ಟಕ್ಕೆ ಎರಡು ಮಾತ್ರ ಹೊಂದುತ್ತವೆ (ಹೆಸರಿನ ಮುಂದಿನ ಅಂಕಿ-ಅಕ್ಷರ ಡಬ್ಬಿಯ ಮೇಲೆ ಬರೆದಿರುವ ಶಕ್ತಿ ಮತ್ತು ರೂಪ). ಡೈನೊಟೆಫ್ಯುರಾನ್ 20 ಎಸ್‌ಜಿ, ಎಕರೆಗೆ 60ರಿಂದ 80 ಗ್ರಾಂ: ಬೇಗ ಕೆಡವುತ್ತದೆ, ಆದರೆ ಮಿರಿಡ್ ತಿಗಣೆಗೂ ಪೆಟ್ಟು. ಪೈಮೆಟ್ರೋಜಿನ್ 50 ಡಬ್ಲ್ಯೂಜಿ, ಎಕರೆಗೆ 120 ಗ್ರಾಂ: ಇದು ಹುಳು ರಸ ಹೀರುವುದನ್ನು ನಿಲ್ಲಿಸುತ್ತದೆ, ಹುಳು ಹಸಿವಿನಿಂದ ಸಾಯುತ್ತದೆ, ಜೇಡ-ಮಿರಿಡ್‌ಗಳಿಗೆ ಸೌಮ್ಯ. ಮರುದಿನ ಹೋದರೆ ಹುಳು ಬುಡದಲ್ಲೇ ಕಾಣುತ್ತವೆ. ಕೆಲಸ ಮಾಡಲಿಲ್ಲವೆಂದು ಗಾಬರಿಯಾಗಿ ಎರಡನೇ ದಿನವೇ ಬೇರೆ ಎಣ್ಣೆ ಹೊಡೆದು ದುಡ್ಡು ಕಳೆದುಕೊಳ್ಳುವವರು ಬಹಳ, ಐದು ದಿನ ಕಾಯಲೇಬೇಕು. ನನ್ನ ಒಲವು ಪೈಮೆಟ್ರೋಜಿನ್ ಕಡೆಗೆ. ಸುಟ್ಟ ಜಾಗದ ಸುತ್ತ ದಿನದಿನಕ್ಕೆ ಹಳದಿ ಹರಡುತ್ತಿದ್ದರೆ ಮಾತ್ರ, ಆ ಮಡಿಗೆ ಡೈನೊಟೆಫ್ಯುರಾನ್.

ಬುಪ್ರೊಫೆಜಿನ್ 25 ಎಸ್‌ಸಿ (ಎಕರೆಗೆ 320 ಮಿ.ಲೀ.) ಮರಿ ಪೊರೆ ಕಳಚುವುದನ್ನು ತಡೆಯುತ್ತದೆ, ಪ್ರೌಢವನ್ನು ಕೊಲ್ಲುವುದಿಲ್ಲ. ಸಣ್ಣಮರಿಗಳೇ ತುಂಬಿದ, ಬುಡಕ್ಕೆ 20ರ ಆಸುಪಾಸಿನ ಮಡಿಗೆ ಅದು ಸೊಗಸಾದ ಔಷಧಿ, 70ಕ್ಕೆ ಅಲ್ಲ. ಟ್ರೈಫ್ಲುಮೆಜೊಪೈರಿಮ್ 10 ಎಸ್‌ಸಿ (ಎಕರೆಗೆ 94 ಮಿ.ಲೀ.) ದುಬಾರಿ. ಹುಳು 5ರಿಂದ 10 ಇರುವಾಗ ಒಮ್ಮೆ ಹೊಡೆದರೆ ಬಹಳ ದಿನ ಕಾಯುತ್ತದೆ, ತಡವಾದ ಮೇಲೆ ಅದಕ್ಕೆ ಹಣ ಹಾಕುವುದು ಲಾಭವಲ್ಲ. ಬೇವಿನ ಎಣ್ಣೆ ಕಡಿಮೆ ಹುಳು ಇದ್ದಾಗ ಸರಿ, ಈಗ ಅದರಿಂದ ಪ್ರಯೋಜನವಿಲ್ಲ. ಡಬ್ಬಿಯ ಮೇಲಿನ ಪ್ರಮಾಣ ನಾನು ಹೇಳಿದ್ದಕ್ಕಿಂತ ಬೇರೆ ಇದ್ದರೆ ಡಬ್ಬಿಯದೇ ಸರಿ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂಬುದನ್ನೂ ಅಲ್ಲೇ ಓದಿ. ರಸೀದಿ ತಪ್ಪದೆ ತೆಗೆದುಕೊಳ್ಳಿ.

ಎಷ್ಟು ಒಳ್ಳೆಯ ಔಷಧಿಯಾದರೂ ಎಲೆಯ ತುದಿಗೆ ಬಿದ್ದರೆ ವ್ಯರ್ಥ, ಹುಳು ಇರುವುದು ನೆಲದಿಂದ ಒಂದು ಗೇಣಿನೊಳಗೆ. ಎಕರೆಗೆ 200 ಲೀಟರ್ ನೀರು ಬೇಕು. ಎರಡು ಮೀಟರಿಗೊಂದು ಕಡೆ ಪೈರನ್ನು ಕೋಲಿನಿಂದ ಎರಡೂ ಬದಿಗೆ ಸರಿಸಿ ದಾರಿ ಮಾಡಿಕೊಂಡು, ನಾಜಲ್ ಕೆಳಮುಖವಾಗಿ ಬುಡಕ್ಕೆ ಹಿಡಿಯಿರಿ. ಡ್ರೋನ್ ಬೇಗ ಮುಗಿಸುತ್ತದೆ ನಿಜ, ಆದರೆ ಹತ್ತು ಲೀಟರ್ ನೀರಿನ ಹನಿಗಳು ದಟ್ಟ ಪೈರಿನ ಮೇಲೆಲೆಗಳಲ್ಲೇ ನಿಲ್ಲುತ್ತವೆ, ಈ ಹುಳುವಿಗೆ ಅದು ಬೇಡ. ಹೊಡೆಯುವ ಆಳುಗಳಿಗೆ ತುಂಬುತೋಳಿನ ಅಂಗಿ, ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಕೊಡಿ. ಪೈರಿನ ನಡುವೆ ನುಗ್ಗುವಾಗ ಮೈಯೆಲ್ಲ ತೊಯ್ಯುತ್ತದೆ.

ಸುಟ್ಟ ಕಣದಷ್ಟು ಜಾಗದ ನಡುವೆ ಹೊಡೆಯಬೇಡಿ, ಅಲ್ಲಿ ರಸವಿಲ್ಲ, ಹುಳುವೂ ಉಳಿದಿಲ್ಲ. ಅವು ಹೊರಗಿನ ಹಸಿರು ಅಂಚಿಗೆ ಸರಿದಿರುತ್ತವೆ. ಆ ಅಂಚಿನಿಂದ ನಾಲ್ಕೈದು ಮೀಟರ್ ಅಗಲದ ಉಂಗುರವನ್ನು ಮೊದಲು, ಹೊರಗಿನಿಂದ ಒಳಗೆ ಬರುತ್ತ, ಚೆನ್ನಾಗಿ ತೋಯಿಸಿ. ಸುಟ್ಟ ಬುಡ ಮತ್ತೆ ಚಿಗುರಿ ತೆನೆ ಕೊಡುವುದಿಲ್ಲ, ಅದರ ಆಸೆಗೆ ಗೊಬ್ಬರ ಕೊಡಬೇಡಿ.

ಐದನೇ ದಿನ ಎಣಿಸಿ, ಹತ್ತನೇ ದಿನ ಮತ್ತೆ ಎಣಿಸಿ. ಹತ್ತನೇ ದಿನದ್ದು ಹೆಚ್ಚು ಮುಖ್ಯ, ಇವತ್ತು ಕವಚದೊಳಗಿರುವ ಮೊಟ್ಟೆಗಳೆಲ್ಲ ಅಷ್ಟರಲ್ಲಿ ಒಡೆದಿರುತ್ತವೆ. ಆಗ ಸಣ್ಣಮರಿಗಳು 20 ದಾಟಿದ್ದರೆ ಬುಪ್ರೊಫೆಜಿನ್ ಹೊಡೆಯುವ ಸಮಯ ಅದು. ಈಗ ಹೊಡೆದ ಗುಂಪನ್ನೇ ಮತ್ತೆ ಹೊಡೆಯಬೇಡಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್, ಕ್ವಿನಾಲ್‌ಫಾಸ್ ಈ ಹಂಗಾಮಿಗೆ ಮನೆಗೇ ತರಬೇಡಿ.

ಮುಂದಿನ ನಾಟಿಗೆ

ತಳಿ ಬದಲಿಸುವುದು ಸುಲಭದ ಮಾತಲ್ಲ ಎಂದು ಗೊತ್ತು. ನಿಮ್ಮ ಸೋನಾ, ಅಂದರೆ ಬಿಪಿಟಿ 5204, ಈ ಹುಳುವಿಗೆ ಬಹಳ ಸೂಕ್ಷ್ಮ, ಎಂಟಿಯು 1010 ತಳಿ ತಡೆದುಕೊಳ್ಳುತ್ತದೆ, ಆದರೆ ಸೋನಾದ ಬೆಲೆ ಅದಕ್ಕಿಲ್ಲ. ನಿರೋಧಕ ತಳಿ ಎಂದರೆ ಶಾಶ್ವತ ರಕ್ಷಣೆಯೂ ಅಲ್ಲ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐಆರ್ 26, 1973ರಲ್ಲಿ ಬಂದಾಗ ಜಿಗಿಹುಳು ಮುಟ್ಟದ ತಳಿ. ಮೂರ್ನಾಲ್ಕು ವರ್ಷದೊಳಗೆ ಅದನ್ನೂ ತಿನ್ನಬಲ್ಲ ಹುಳುಗಳೇ ಹೆಚ್ಚಾದವು. ಆರರಲ್ಲಿ ಒಂದೆರಡು ಎಕರೆಗೆ ಬೇರೆ ತಳಿ ಹಾಕಿ ನೋಡುವುದು ನಿಮಗೆ ಬಿಟ್ಟದ್ದು.

ತಳಿ ಅದೇ ಇದ್ದರೂ ನಾಟಿ ಮಾಡಿಸುವಾಗ ಪ್ರತಿ ಎರಡು-ಮೂರು ಮೀಟರಿಗೆ ಒಂದು ಅಡಿ ಅಗಲದ ದಾರಿಯನ್ನು ಪೂರ್ವ-ಪಶ್ಚಿಮವಾಗಿ ಬಿಡಿಸಿ. ಗುತ್ತಿಗೆ ನಾಟಿಯವರು ಒಪ್ಪುವುದಿಲ್ಲ, ಹಗ್ಗ ಕಟ್ಟಿ ಮೊದಲೇ ಗುರುತು ಮಾಡಿಡಿ. ಬುಡಕ್ಕೆ ಗಾಳಿ-ಬಿಸಿಲು, ನಿಮಗೆ ಎಣಿಸಲು-ಹೊಡೆಯಲು ಜಾಗ, ಎರಡೂ ಸಿಗುತ್ತವೆ. ಸಾರಜನಕ 60 ಕಿಲೋ ಮೀರದಂತೆ ಮೂರು ಕಂತು. ಬದುವಿನ ಮೇಲೆ ಎಳ್ಳು ಹಾಕಿ. ಅದರ ಹೂವಿನ ಜೇನು ಕುಡಿದು ಮೊಟ್ಟೆಕಣಜಗಳು ಹೆಚ್ಚು ದಿನ ಬದುಕುತ್ತವೆ, ಖರ್ಚು ಒಂದು ಹಿಡಿ ಬೀಜ. ಈ ಹುಳುವಿಗೆ ಭತ್ತ ಬಿಟ್ಟರೆ ಬೇರೆ ಆಸರೆ ಇಲ್ಲವೆಂದೇ ಹೇಳಬೇಕು, ಆದ್ದರಿಂದ ಕೊಯ್ಲಾದ ಮೇಲೆ ಕೂಳೆ ಚಿಗುರದಂತೆ ಉತ್ತುಬಿಡಿ. ಒಂದೇ ತೂಬಿನ ಕೆಳಗಿನವರೆಲ್ಲ ಮೂರು ವಾರದೊಳಗೆ ನಾಟಿ ಮುಗಿಸಿದರೆ, ಮುಂಚೆ ಹಚ್ಚಿದ ಗದ್ದೆಯಲ್ಲಿ ಹೆಚ್ಚಿದ ಹುಳುವಿಗೆ ತಡವಾಗಿ ಹಚ್ಚಿದ ಎಳೆಯ ಪೈರು ಸಿಗುವುದಿಲ್ಲ. ಈ ಕೆಲಸವನ್ನು ಒಬ್ಬರೇ ಮಾಡಲಾಗದು. ಮಗ್ಗುಲವರಿಂದಲೇ ಶುರು ಮಾಡಿ, ಎಣ್ಣೆ ಹೊಡೆಯದ ಅವರ ಗದ್ದೆಯನ್ನೂ ಇದೇ ದಾರಿಯಲ್ಲಿ ಎಣಿಸಿ ಅವರ ಹಾಳೆಯನ್ನೂ ಬರೆದಿಡಿ. ಎರಡು ಹಾಳೆ ಪಕ್ಕಪಕ್ಕದಲ್ಲಿಟ್ಟುಕೊಂಡು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೋ ಹೋದರೆ, ‘ಹುಳ ಬಾಳ ಅದಾವ್ರೀ’ ಅನ್ನುವುದಕ್ಕಿಂತ ಬೇಗ ಸರಿಯಾದ ಸಲಹೆ ಸಿಗುತ್ತದೆ.